ಹೊಂಡದ ಹುಳ ಮೇಲೇಳುವ ಹೊತ್ತು

ಕಮಲಾಪುರಕ್ಕೆ ಸೊಸೆಯಾಗಿ ಬರುವವರೆಗೆ ನಾನು ಕೊಡ ಹೊತ್ತವಳಲ್ಲ. ಕಲಬುರ್ಗಿಯ ತವರುಮನೆಯಲ್ಲಿ ಹಿತ್ತಲಲ್ಲೇ ಬಾವಿ. ಇಲ್ಲಿ ಊರ ಹೊರಗಿನ ಹೊಂಡದ ತನಕ ನಡೆಯಬೇಕು, ಮೆಟ್ಟಿಲು ಇಳಿಯಬೇಕು, ತುಂಬಿದ ಕೊಡ ಹೊತ್ತು ಮತ್ತೆ ಏರಬೇಕು. ನಿಜಾಮರ ಸರ್ಕಾರದಲ್ಲಿ ಉರ್ದು ಬರೆಯುವ ಅಳಿಯ ಸಿಕ್ಕನೆಂದು ತವರಿನವರು ಹಿಗ್ಗಿದ್ದರು. ಗಂಡ ಕಲಬುರ್ಗಿ ಕಚೇರಿಯಲ್ಲಿ, ನಾನು ಕಮಲಾಪುರದ ಹೊಂಡದಲ್ಲಿ. ಹಣೆಬರಹ ಅನ್ನುವುದು ಇದಕ್ಕೇ.

ಮನೆಯಲ್ಲಿ ಅತ್ತೆ ಮತ್ತು ನಾನು ಇಬ್ಬರೇ. ಎಲ್ಲ ಕೆಲಸವೂ ನನ್ನ ಮೇಲೆ ಬಿದ್ದಿತ್ತು, ನೀರು ಸೋಸುವುದೊಂದನ್ನು ಬಿಟ್ಟು. ಲಿಂಗಪೂಜೆಯ ನೀರು, ಕುಡಿಯುವ ನೀರು ಎರಡನ್ನೂ ಅತ್ತೆಯೇ ಸೋಸಬೇಕು. ಸೋಸಿದ ಕೊಡವನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಎರಡು ಪದರದ ಬಿಳಿ ಅರಿವೆಯಲ್ಲಿ ಸೋಸಿ, ಅದರಲ್ಲಿ ಉಳಿದ ಹುಳ ಸಾಯಬಾರದೆಂದು ಅರಿವೆಯನ್ನು ಮಗುಚಿ ಪಕ್ಕದ ಚರಿಗೆಯ ನೀರಿನಲ್ಲಿ ಅದ್ದುತ್ತಿದ್ದರು. ಮರುದಿನ ಆ ಚರಿಗೆಯನ್ನು ನಾನು ಹೊಂಡಕ್ಕೆ ಒಯ್ದು ಸುರಿಯಬೇಕು. ಹುಳಕ್ಕೂ ಅದರ ಮನೆ ಬೇಕಲ್ಲ ಅನ್ನುತ್ತಿದ್ದರು. ನನ್ನ ಬೆನ್ನಿನ ವಿಚಾರ ಮಾತ್ರ ಯಾರೂ ಎತ್ತುತ್ತಿರಲಿಲ್ಲ.

ಎರಡು ವರ್ಷ ಕಳೆಯುವಷ್ಟರಲ್ಲಿ ಅತ್ತೆಯ ಕಣ್ಣು ಮಂಜಾದವು. ಒಂದು ದಿನ ನೋಡುತ್ತೇನೆ, ಅರಿವೆಯನ್ನು ಚರಿಗೆಯಲ್ಲಿ ಅದ್ದುವ ಬದಲು ಸೋಸಿದ ಕೊಡದಲ್ಲೇ ಅದ್ದಿಬಿಟ್ಟರು. ಹುಳವೆಲ್ಲ ಮತ್ತೆ ಒಳಗೆ. ನಾನು ಕಾಲು ತಾಗಿದವಳಂತೆ ಕೊಡ ಉರುಳಿಸಿ, ಬೈಸಿಕೊಂಡು, ಮತ್ತೆ ಹೊಂಡಕ್ಕೆ ಹೋದೆ. ಹೇಳಿಬಿಡಬಹುದಿತ್ತು. ಆದರೆ ಹಿಂದಿನ ವಾರವಷ್ಟೇ ಊರಿಗೆ ಬಂದಿದ್ದ ನನ್ನ ಗಂಡ ಅಂದಿದ್ದರು: "ಯವ್ವಾ, ಕಣ್ಣು ಕಾಣಂಗಿಲ್ಲಂದ್ರ ನೀರಿನ ಗೊಡವಿ ಬಿಡು. ಒಂದ ಕಡಿ ಸುಮ್ಮ ಕುಂದರು."

"ಕಾಣ್ತಾವೋ ಎಪ್ಪಾ," ಎಂದು ಅತ್ತೆ ಅರಿವೆಯನ್ನು ಮಡಿಲಿಗೆ ಎಳೆದುಕೊಂಡಿದ್ದರು. ಆ ಕೆಲಸವೂ ಹೋದರೆ ಆ ಮನೆಯಲ್ಲಿ ಅವರದೆಂಬುದು ಏನೂ ಉಳಿಯುತ್ತಿರಲಿಲ್ಲ.

ಹಾಗಾಗಿ ನೀರಿನಲ್ಲಿ ಹುಳ ಇಲ್ಲದ ಹೊತ್ತು ಯಾವುದೆಂದು ತಿಳಿಯಲು ನಾನು ಹುಳಗಳ ಹಿಂದೆ ಬಿದ್ದೆ. ಮುಂಜಾನೆ ಮೆಟ್ಟಿಲ ಬಳಿ ನೆರಳಿರುವಷ್ಟು ಹೊತ್ತು ಎಲ್ಲವೂ ಅಲ್ಲೇ: ಗಿರಗಿರ ಸುತ್ತುವ ಕರಿಹುಳ, ಅಂಗಾತ ಬಿದ್ದು ಕಾಲಿನಿಂದ ದೋಣಿಯಂತೆ ಹುಟ್ಟು ಹಾಕುವ ಹುಳ, ನೇತಾಡುವ ಸೊಳ್ಳೆಮರಿ. ಬಿಸಿಲು ಏರಿ ಮೆಟ್ಟಿಲಿಗೆ ಬಡಿದರೆ ಕೆಲವು ಆಚೆ ದಡದ ಗಿಡದ ನೆರಳಿಗೆ ಸರಿಯುತ್ತಿದ್ದವು, ಕೆಲವು ಪಾಚಿಯ ಕೆಳಗೆ ಮುಳುಗುತ್ತಿದ್ದವು. ನಡುಮಧ್ಯಾಹ್ನ ಮೆಟ್ಟಿಲ ಬಳಿ ನೀರು ಖಾಲಿ. ಸಂಜೆ ಮತ್ತೆ ಬರುತ್ತಿದ್ದವು. ಹುಳಗಳಿಗೆ ಇದ್ದ ಬುದ್ಧಿ ನನಗಿರಲಿಲ್ಲ. ಅವು ಬಿಸಿಲಿಗೆ ಹೆದರಿ ಒಳಗೆ ಹೋಗುವ ಹೊತ್ತಿಗೆ ಸರಿಯಾಗಿ ನಾನು ಕೊಡ ತೆಗೆದುಕೊಂಡು ಹೊರಡುತ್ತಿದ್ದೆ. ರೊಟ್ಟಿ ಕೆಲಸ ಮುಗಿಯುವುದೇ ಮಧ್ಯಾಹ್ನ ಎಂದು ಅತ್ತೆಗೆ ಸುಳ್ಳು ಹೇಳಿದೆ. ನಮ್ಮ ಕಡೆಯ ಬೇಸಿಗೆ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಎರಡು ಬೇಸಿಗೆ ಹಾಗೆ ಹೋದವು. ಸಾಕುಸಾಕಾಗಿತ್ತು.

ಮೂರನೆಯ ಬೇಸಿಗೆಗೆ ನನಗೆ ಐದು ತಿಂಗಳು. ಒಂದು ದಿನ ನನ್ನ ಗಂಡ ಜಂಗಮ ಅಯ್ಯನವರೊಬ್ಬರನ್ನು ಊಟಕ್ಕೆ ಕರೆತಂದರು. ನನ್ನ ಕಾಲು ಊದಿದ್ದವು, ಬಿಸಿಲು ನೆನೆದರೇ ತಲೆ ತಿರುಗುತ್ತಿತ್ತು. ಒಂದು ದಿನಕ್ಕೆ ಏನಾದೀತು ಎಂದು ನಾನು ಮುಂಜಾನೆಯೇ ನೀರು ತಂದಿದ್ದೆ. ಕೊಡದ ಮೇಲೆ ಗಮನ ಇಡುವಷ್ಟು ಶಕ್ತಿಯೂ ಇರಲಿಲ್ಲ.

ಅಯ್ಯನವರು ತಂಬಿಗೆ ಎತ್ತಿದವರು ಹಾಗೇ ಕೆಳಗಿಟ್ಟರು. "ತಾಯಿ, ನೀರಾಗ ಜೀವ ಅದ," ಎಂದರು ಮೆಲ್ಲಗೆ. ಒಂದು ಕರಿಹುಳ ತಂಬಿಗೆಯಲ್ಲಿ ಸುತ್ತುತ್ತಿತ್ತು.

ಅತ್ತೆ ಕೈ ಮುಗಿದರು. "ನನ್ನ ತಪ್ಪರೀ ಅಯ್ಯಾ. ಸೋಸಿದಾಕಿ ನಾನು."

"ಯವ್ವಾ, ನಾಳಿಂದ ನೀ ನೀರು ಮುಟ್ಟಬ್ಯಾಡ," ಎಂದರು ನನ್ನ ಗಂಡ, ಅಯ್ಯನವರ ಎದುರಿಗೇ. ಮುಂಜಾನೆಯ ನೀರು ತಂದವಳು ನಾನು ಎಂದು ನಾನು ಬಾಯಿ ಬಿಡಲಿಲ್ಲ. ಆ ಸುಮ್ಮನಿರುವಿಕೆಗೆ ಇಂದಿಗೂ ನನಗೆ ನನ್ನ ಮೇಲೆ ಹೇಸಿಗೆಯಿದೆ.

ಗಂಡಸರು ಹೊರಗೆ ಹೋದ ಮೇಲೆ ಅತ್ತೆ ನನ್ನನ್ನು ಕರೆದು ಅರಿವೆಯನ್ನು ಕೈಯಲ್ಲಿಟ್ಟರು.

"ಮಧ್ಯಾಹ್ನ ತಂದ ನೀರು ಬೆಚ್ಚಗಿರ್ತದ. ನನ್ನ ಕಣ್ಣು ಹೋಗ್ಯಾವ, ಕೈ ಹೋಗಿಲ್ಲ," ಎಂದರು. "ನಾನೂ ಅದೇ ಹೊಂಡದಾಗ ಮೂವತ್ತ ವರ್ಷ ಕೊಡ ಮುಳುಗಿಸೀನಿ. ಆ ಹೊತ್ತಿಗೆ ಹುಳ ಇರಂಗಿಲ್ಲ ಅಂತ ನನಗ ಗೊತ್ತಿಲ್ಲೇನು? ನೀ ಯಾಕ ಹೋಗ್ತಿದ್ದಿ ಅಂತ ಮೊದಲನೇ ದಿನಾನೇ ತಿಳೀತು."

"ಮತ್ತ ಯಾಕ ಸುಮ್ಮನಿದ್ರಿ ಅತ್ತೀ?"

"ನಿನ್ನ ಬಿಸಿಲಾಗ ಸುಟ್ಟು ನನ್ನ ಮಾನ ಉಳಿಸಿಕೊಂಡೆ. ಬಸುರಿ ಹೆಣ್ಣಮಗಳನ್ನ. ಈಗ ಸಾಕು."

ನನಗೆ ಸಿಟ್ಟು ಬಂತು, ಅಳುವೂ ಬಂತು. ಬೈಯಲೂ ಆಗಲಿಲ್ಲ, ಅವರ ಕೈ ಹಿಡಿಯಲೂ ಆಗಲಿಲ್ಲ.

ಮರುದಿನದಿಂದ ನಾನು ತಂಪು ಹೊತ್ತಿನಲ್ಲೇ ಹೊಂಡಕ್ಕೆ ಹೋದೆ. ಹುಳ ಎಷ್ಟಿದ್ದರೂ ಚಿಂತೆಯಿರಲಿಲ್ಲ, ನನ್ನ ಕಣ್ಣು ಚೆನ್ನಾಗಿದ್ದವು. ಸೋಸಿದ ಕೊಡ ಮುಟ್ಟುವವಳೂ ಈಗ ನಾನೊಬ್ಬಳೇ. ಅತ್ತೆ ಮಾತ್ರ ತಮ್ಮ ಮನೆಯಲ್ಲಿ ಒಂದು ಗುಟುಕು ನೀರು ಬೇಕಾದರೂ, "ಸ್ವಲ್ಪ ನೀರು ಕೊಡ್ತೀ ಏನವಾ," ಎಂದು ಸಾಯುವತನಕ ನನ್ನನ್ನು ಕೇಳಿಯೇ ಕುಡಿದರು.