ಮುಂಬೈಯ ಸೂರ್ಯಾಸ್ತ

ಮನೆಗೆ ಸುಣ್ಣ ಬಳಿಸಲೆಂದು ಹಳೆಯ ಟ್ರಂಕನ್ನು ಸರಿಸಿದಾಗ ಅದರ ತಳಕ್ಕೆ ಹಾಸಿದ್ದ ಕ್ಯಾಲೆಂಡರ್ ಹಾಳೆಯೊಂದು ಕೈಗೆ ಬಂತು. ಮರಾಠಿ ಕ್ಯಾಲೆಂಡರು, ಜುಲೈ ತಿಂಗಳು. ಎಣ್ಣೆ ಹೀರಿ ಹಳದಿಯಾಗಿದ್ದ ಹಾಳೆಗೆ ಮೂಗು ಹಚ್ಚಿದರೆ ಇನ್ನೂ ಶೇಂಗಾ ಚಟ್ನಿಯ ವಾಸನೆ. ಬೆಳ್ಳುಳ್ಳಿ ಇಲ್ಲದ, ಬರೀ ಜೀರಿಗೆ-ಖಾರದ ಚಟ್ನಿ. ಹಿಂದೆ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಕು ಮಾಡಿದ್ದೇ ಇದು, ಬೇರೆ ಯಾರದೂ ಅಲ್ಲ.

ಆಗ ನಾವು ಶೇಡಬಾಳದಲ್ಲಿದ್ದೆವು. ನಾನು ಅಥಣಿಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ ವಿಜ್ಞಾನದ ವಿದ್ಯಾರ್ಥಿನಿ. ಕಾಕು ಜೈನರು, ಬಸದಿಯ ಪ್ರವಚನ ಒಂದೂ ತಪ್ಪಿಸಿದವರಲ್ಲ. ನನ್ನ ಗಣಿತದ ಪುಸ್ತಕ ಕಂಡರೆ ಅವರಿಗೆ ಅದೇನೋ ಖುಷಿ. "ಕಾಲದ ತೀರಾ ಸಣ್ಣ ತುಣುಕಿಗೆ ಸಮಯ ಅಂತಾರ ತಂಗಿ. ಅದನ್ನ ಮತ್ತ ಒಡ್ಯಾಕ ಬರೂದಿಲ್ಲ" ಎನ್ನುತ್ತಿದ್ದರು. ಯಾವ ಸಂಖ್ಯೆಯನ್ನಾದರೂ ಅರ್ಧ ಮಾಡಬಹುದು, ಆ ಅರ್ಧವನ್ನೂ ಅರ್ಧ ಮಾಡಬಹುದು ಎಂದು ನಾನು ವಾದಿಸುತ್ತಿದ್ದೆ. ಇಬ್ಬರಲ್ಲಿ ಯಾರು ಸರಿ ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ...

ಮಳೆಗಾಲದ ನಾಲ್ಕು ತಿಂಗಳು ಕಾಕು ವ್ರತ ಹಿಡಿಯುತ್ತಿದ್ದರು. ಸೂರ್ಯ ಮುಳುಗಿದ ಮೇಲೆ ಒಂದು ತುತ್ತೂ ಇಲ್ಲ. ಅವರ ಯಜಮಾನರು, ಕಾಕಾ, ಉಗಾರದ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್. ಕಬ್ಬು ನುರಿಸುವ ಕಾಲದಲ್ಲಿ ಪಾಳಿಯ ಮೇಲೆ ಪಾಳಿ, ಊಟವೆಲ್ಲ ಡಬ್ಬಿಯಲ್ಲೇ. ಮಳೆಗಾಲದಲ್ಲಿ ಮಾತ್ರ ಬರೀ ರಿಪೇರಿ ಕೆಲಸ. ಆಗ ಸಂಜೆ ಬಸ್ಸಿಗೆ ಬಂದು, ಏಳಕ್ಕೆ ಸರಿಯಾಗಿ ಮನೆಯ ಹೊಸ್ತಿಲು ದಾಟುತ್ತಿದ್ದರು. ಗಂಡಹೆಂಡತಿ ಎದುರುಬದುರು ಕುಳಿತು ಉಣ್ಣುತ್ತಿದ್ದುದು ವರ್ಷದಲ್ಲಿ ಆಗ ಮಾತ್ರ, ಅದೂ ಸೂರ್ಯ ತಡವಾಗಿ ಮುಳುಗುವ ಮೊದಲ ಕೆಲ ವಾರ. ಮೋಡ ಮುಚ್ಚಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಸೂರ್ಯಾಸ್ತದ ಹೊತ್ತು ನೋಡಿ, ಅಷ್ಟರೊಳಗೆ ಕೈತೊಳೆಯುತ್ತಿದ್ದರು.

ಅಂಥದೇ ಒಂದು ಸಂಜೆ ನಾನು ಅವರ ಪಡಸಾಲೆಯಲ್ಲಿದ್ದೆ. ಹೊರಗೆ ಜಿಟಿಜಿಟಿ ಮಳೆ. ಇಬ್ಬರೂ ರೊಟ್ಟಿ ಮುರಿಯುತ್ತಿದ್ದರು. "ಎಷ್ಟಾತ ನೋಡ ತಂಗಿ?" ಎಂದರು ಕಾಕು. ಏಳು ಹತ್ತು. ಕ್ಯಾಲೆಂಡರಿನಲ್ಲಿ ಏಳು ಹದಿನೈದು ಎಂದಿತ್ತು. ಅದರ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಮುಂಬೈ ಎಂದೂ ಇತ್ತು.

ನನ್ನ ಜಾಣತನಕ್ಕೆ ಬೆಂಕಿ ಬೀಳಲಿ, ಸುಮ್ಮನಿರಬಾರದಿತ್ತೇ?

"ಕಾಕು, ಇದು ಮುಂಬೈದ ಹೊತ್ತ್ರಿ. ನಮ್ಮ ಊರಾಗ ಹತ್ತ ನಿಮಿಷ ಮೊದಲ ಮುಳಗತೈತಿ."

ಕಾಕು ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಳಿಸಿದರು. "ಅಂದ್ರ ಈಗ ಮುಳಗೇತೇನ?"

"ಹೌದ್ರಿ."

ಎದ್ದು ಬಾಯಿ ಮುಕ್ಕಳಿಸಿ ಬಂದರು. ಆ ಕ್ಯಾಲೆಂಡರು ಅವರು ಮದುವೆಯಾಗಿ ಬಂದಾಗಿನಿಂದ ವರ್ಷಾ ವರ್ಷಾ ಅದೇ ಮೊಳೆಗೆ ನೇತುಬೀಳುತ್ತಿತ್ತು. ಅಷ್ಟೂ ವರ್ಷದ ಮೋಡದ ಸಂಜೆಗಳನ್ನು ಅವರು ಮನಸ್ಸಿನಲ್ಲಿ ಎಣಿಸುತ್ತಿದ್ದಂತೆ ಕಂಡಿತು.

ಮರುದಿನದಿಂದ ಕ್ಯಾಲೆಂಡರಿನ ಹೊತ್ತಿನಲ್ಲಿ ಹತ್ತು ನಿಮಿಷ ಕಳೆದರೆ ಎಲ್ಲ ಸರಿಹೋಗುತ್ತಿತ್ತು. ಏಳಕ್ಕೆ ಬಂದ ಕಾಕಾನ ಜೊತೆ ಐದು ನಿಮಿಷವಾದರೂ ಕೂರಬಹುದಿತ್ತು. ಆದರೆ ಕಾಕು, "ಮತ್ತೇನರ ತಪ್ಪ ಉಳದೈತೇನ? ಇದ್ರ ಈಗ ಹೇಳಿಬಿಡ" ಎಂದು ಕೇಳಿದರು. ಸೂರ್ಯನ ಬೆಳಕು ನಮಗೆ ತಲುಪಲು ಎಂಟು ನಿಮಿಷ ಬೇಕೆಂದು ಆಗಷ್ಟೇ ಓದಿದ್ದೆ. ಹಾಗಾದರೆ ನಾವು ಕಾಣುವುದು ಎಂಟು ನಿಮಿಷ ಹಿಂದಿನ ಸೂರ್ಯನನ್ನು, ಅಂದರೆ ಅವನು ಆಗಲೇ ಮುಳುಗಿರುತ್ತಾನೆ. ಅದನ್ನೂ ಕಳೆಯಬೇಕು ಎಂದೆ.

"ಹಂಗಾರ ಕಣ್ಣಿಗೆ ಕಾಣೋ ಸೂರ್ಯನೂ ಖರೇ ಅಲ್ಲೇನ?"

ಅಂದಿನಿಂದ ಕಾಕು ಆರೂವರೆಗೇ ಒಬ್ಬರೇ ಉಂಡು ಮುಗಿಸತೊಡಗಿದರು. ಕಾಕಾ ಬಂದಾಗ ಬಡಿಸಿ, ಎದುರಿಗೆ ಬರಿಗೈಲಿ ಕೂರುತ್ತಿದ್ದರು. ಕಾಕಾಗೆ ವ್ರತವಿರಲಿಲ್ಲ, ನನ್ನ ಮೇಲೆ ಸಿಟ್ಟೂ ಇರಲಿಲ್ಲ. ಒಮ್ಮೆ ಮಾತ್ರ ಅಂದರು: "ನಿನ್ನ ಲೆಕ್ಕ ಖರೇನ ಇರಬೇಕ ತಂಗಿ. ಆದರ ರೊಟ್ಟಿ ಗಂಟಲದಾಗ ಇಳಿವಲ್ದ ನೋಡ."

ಮುಂದೆ ಓದಲು ಧಾರವಾಡಕ್ಕೆ ಹೊರಟಾಗ ಕಾಕು ಚಟ್ನಿ ಕಟ್ಟಿಕೊಟ್ಟರು, ಹಿಂದಿನ ವರ್ಷದ ಕ್ಯಾಲೆಂಡರಿನ ಹಾಳೆಯಲ್ಲಿ. ಅಲ್ಲಿ ಎರಡನೆಯ ವರ್ಷ, ಭೂಮಿ ತಿರುಗುವ ಪಾಠದ ನಡುವೆ ನನ್ನ ಪೆನ್ನು ನಿಂತಿತು. ಸಂಜೆಯಾಗುವುದು ಸೂರ್ಯ ಓಡುವುದರಿಂದಲ್ಲ, ನಮ್ಮ ನೆಲ ತಿರುಗುವುದರಿಂದ. ಬೆಳಕು ಹೊರಟು ಎಷ್ಟು ಹೊತ್ತಾಯಿತು ಎಂಬುದಕ್ಕೂ ಸೂರ್ಯಾಸ್ತಕ್ಕೂ ಸಂಬಂಧವೇ ಇಲ್ಲ. ಆ ಎಂಟು ನಿಮಿಷವನ್ನು ಕಳೆಯಲೇಬಾರದಿತ್ತು. ಊರಿಗೆ ಹೋದ ಕೂಡಲೇ ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಕಾಕಾ ತೀರಿಕೊಂಡ ಸುದ್ದಿ ಬಂತು. ಇನ್ನು ಹೇಳಿ ಯಾರಿಗೇನು ಉಪಯೋಗ ಎಂದುಕೊಂಡೆನೋ, ಹೇಳಲು ಹೆದರಿದೆನೋ... ಕಾಕು ಬದುಕಿರುವವರೆಗೂ ನಾನು ಬಾಯಿ ಬಿಚ್ಚಲಿಲ್ಲ.

ಈಗ ಚಿಕ್ಕೋಡಿಯಲ್ಲಿ ನಾನು ಗಣಿತ ಕಲಿಸುತ್ತೇನೆ. ಇವತ್ತು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಪ್ರತಿ ತಾರೀಖಿನ ಕೆಳಗೂ ಪೆನ್ಸಿಲಿನ ಸಣ್ಣ ಅಂಕಿಗಳು ಕಂಡವು. ಫಿಟ್ಟರನ ಒತ್ತಿ ಬರೆದ ಅಂಕಿ, ಕಾಕಾನದೇ. ಮುಂಬೈಯ ಹೊತ್ತಿನಲ್ಲಿ ಹತ್ತು ಕಳೆದು, ಮತ್ತೆ ಎಂಟು ಕಳೆದು, ಪಕ್ಕದಲ್ಲಿ ತಾನು ಮನೆ ಮುಟ್ಟುವ ಏಳು ಗಂಟೆ ಬರೆದಿದ್ದರು. ಒಂದು ದಿನ ಆರು ಐವತ್ತೊಂಬತ್ತು. ಒಂದು ದಿನ ಆರು ಐವತ್ತೆಂಟು. ತಿಂಗಳ ಕೊನೆಗೆ ಆರು ಐವತ್ತೇಳು. ಒಂದು ದಿನವೂ ಕೂಡಿಬಂದಿರಲಿಲ್ಲ. ಆದರೂ ಮೂವತ್ತೊಂದು ದಿನ ಬಿಡದೆ ಕಳೆದು ನೋಡಿದ್ದರು.

ನಾನು ಪೆನ್ಸಿಲು ತಂದು ಪ್ರತಿ ದಿನದ ಎಂಟರ ಮೇಲೂ ಗೀಟು ಎಳೆದೆ. ಎಲ್ಲ ದಿನಗಳಲ್ಲೂ, ಕಾಕಾ ಮನೆ ಮುಟ್ಟಿದ ಮೇಲೆ ಐದರಿಂದ ಏಳು ನಿಮಿಷ ಉಳಿದವು. ಸುಣ್ಣದವನು ಬಂದು, ಟ್ರಂಕು ಎಲ್ಲಿಡಲಿ ಎಂದು ಎರಡು ಸಲ ಕೇಳಿದ.