ಕಬ್ಬಿಣ ದಾಟದ ಕಲ್ಲು

ಬಾಗಲಕೋಟೆಯ ನವನಗರದ ನಿಲ್ದಾಣದಲ್ಲಿ ಹುನಗುಂದದ ಬಸ್ಸು ನಿಂತಿತ್ತು. ನಾನು ಹೋಗಬೇಕಾದ ಊರು ಆ ಕಡೆಗೇ ಇದ್ದರೂ ಹತ್ತಿದ್ದು ಬಾದಾಮಿಯ ಬಸ್ಸನ್ನು. ಶನಿವಾರ ಬೆಳಿಗ್ಗೆ, ಜೂನ್ ತಿಂಗಳ ಮೊದಲ ಮೋಡ. ಪಕ್ಕದಲ್ಲಿದ್ದ ಹೆಂಗಸು ತನ್ನ ಉಚಿತ ಟಿಕೆಟ್ಟನ್ನು ಬಳೆಗಳ ನಡುವೆ ಸಿಕ್ಕಿಸಿಕೊಂಡು ನಿದ್ದೆಹೋದಳು. ನನಗೆ ಕೂತಲ್ಲಿ ಕೂಡಲಾಗಲಿಲ್ಲ.

ಕಾರಣ, ಹಿಂದಿನ ವಾರ ಫೋನಿನಲ್ಲಿ ಆಡಿದ ಒಂದು ಮಾತು. ಹುನಗುಂದದ ಆಚೆ ನನ್ನ ತಾಯಿಯ ತವರಿನಲ್ಲಿ ದ್ಯಾಮವ್ವನ ಬನ ಎಂಬ ದೇವರ ಕಾಡಿದೆ. ಅದರ ಅಂಚಿನಲ್ಲಿ ಒಂದು ಕಲ್ಲು. ಆ ಕಲ್ಲು ದಾಟಿ ಕಬ್ಬಿಣ ಒಳಗೆ ಹೋಗುವಂತಿಲ್ಲ. ಕುರಿ ಕಾಯುವವರು ಕೂಡ ಕೊಡಲಿಯನ್ನು ಕಲ್ಲಿಗೆ ಒರಗಿಸಿಯೇ ಒಳಗೆ ಕಾಲಿಡುತ್ತಾರೆ. ಸುತ್ತಲಿನ ಗುಡ್ಡಗಳೆಲ್ಲ ಬೋಳಾದರೂ ಬನ ಉಳಿದದ್ದು ಈ ಕಟ್ಟಳೆಯಿಂದ. ಈಗ ಅದೇ ಕಟ್ಟಳೆ ಬನಕ್ಕೆ ಮುಳುವಾಗಿದೆ. ಆಡುಗಳ ಹಿಕ್ಕೆಯಲ್ಲಿ ಬೀಜವಾಗಿ ಬಂದ ಬಳ್ಳಾರಿ ಜಾಲಿ ಒಳಗೆಲ್ಲ ಹಬ್ಬಿ, ಕಮರ, ತಪಸಿ, ಮುತ್ತಲ ಮರಗಳ ಕೆಳಗೆ ಒಂದು ಸಸಿಯೂ ಏಳದಂತೆ ಮಾಡಿದೆ. ಕಡಿಯೋಣವೆಂದರೆ ಕೊಡಲಿಗೆ ಪ್ರವೇಶವಿಲ್ಲ.

ನನ್ನ ದೊಡ್ಡ ಸೋದರಮಾವನ ಮಗಳು ಶಾಂತಕ್ಕ ಆ ಊರಿನ ಅರಣ್ಯ ಸಮಿತಿಯ ಅಧ್ಯಕ್ಷೆ. ಬನದ ಬೀಜಗಳಿಂದಲೇ ಸಸಿ ಮಾಡಿ ಹಿತ್ತಲಲ್ಲಿ ಬೆಳೆಸಿದ್ದಾಳೆ. ಈ ಮಳೆಗಾಲದಲ್ಲಿ ಅವನ್ನು ನೆಡಬೇಕು, ಅದಕ್ಕೆ ಮೊದಲು ಜಾಲಿ ಹೋಗಬೇಕು. ಪೂಜಾರಿ ಹನಮಂತಜ್ಜ ಒಪ್ಪುತ್ತಿರಲಿಲ್ಲ. ಫೋನಿನಲ್ಲಿ ಅವಳು ಇದನ್ನೆಲ್ಲ ಹೇಳಿಕೊಳ್ಳುತ್ತಿದ್ದಾಗ ನಾನು, “ನಮ್ಮಜ್ಜ ಕೊಡಲಿ ಹಿಡಕೊಂಡು ಬನದಾಗ ಹೋಗಿದ್ದು ನಾನ ಕಣ್ಣಾರೆ ಕಂಡೇನಿ” ಎಂದುಬಿಟ್ಟೆ.

“ಹಂಗಂದ್ರ ಮುಗೀತು ಬಿಡು. ಸೋಮವಾರ ಕಟ್ಟಿ ಮ್ಯಾಲ ಎಲ್ಲಾರೂ ಕೂಡ್ತಾರ. ಇಷ್ಟ ಬಂದು ಹೇಳು” ಎಂದಳು.

ಫೋನಿಟ್ಟ ಮೇಲೆ ಸಂಶಯ ಶುರುವಾಯಿತು. ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿದವನು ನಾನು, ಈಗ ಕಾಲೇಜಿನಲ್ಲಿ ಅದನ್ನೇ ಕಲಿಸುತ್ತೇನೆ. ಆಧಾರವಿಲ್ಲದ ಮಾತನ್ನು ನಂಬುವುದಿಲ್ಲ, ನನ್ನದಾದರೂ ಸರಿ. ನೆನಪಿನಲ್ಲಿ ಅಜ್ಜನ ಬಿಳಿ ರುಮಾಲಿದೆ, ಹೆಗಲ ಮೇಲೆ ಕೊಡಲಿಯಿದೆ, ಮಳೆಯಲ್ಲಿ ತೊಯ್ದ ಮಣ್ಣಿನ ವಾಸನೆಯಿದೆ. ಆದರೆ ನಾನು ಆ ಊರಿಗೆ ಹೋಗುತ್ತಿದ್ದುದು ಬೇಸಿಗೆಯ ಸೂಟಿಯಲ್ಲಿ ಮಾತ್ರ. ಮಳೆ ಎಲ್ಲಿಂದ ಬಂತು? ಸೋಮವಾರದೊಳಗೆ ಇದನ್ನು ತಿಳಿಯಬೇಕಿತ್ತು. ಅಜ್ಜನ ಮಕ್ಕಳಲ್ಲಿ ಉಳಿದವರು ಇಬ್ಬರು: ಚೊಳಚಗುಡ್ಡದ ಚಿಗವ್ವ, ಇಳಕಲ್ಲಿನ ಈರಪ್ಪ ಮಾವ.

ಬಾದಾಮಿಯಲ್ಲಿ ಇಳಿದು ಚಹಾ ಕುಡಿದೆ. ಹಿಂದೆ ಈ ಕಡೆಯ ಗುಡ್ಡಗಳಲ್ಲಿ ಹಸಿರು ಮಾಡುವುದೆಂದರೆ ನೀಲಗಿರಿ ಸಸಿ ಹಚ್ಚುವುದೆಂದೇ ಅರ್ಥವಿತ್ತು. ಚಹಾದಂಗಡಿಯಲ್ಲಿ ಸಿಕ್ಕ ಅರಣ್ಯ ಕಾವಲುಗಾರನೊಬ್ಬ, “ಈಗ ಏನೂ ಹಚ್ಚೂದಿಲ್ರಿ. ದನ ಬಿಡದಂಗ ಕಾಯೂದು, ಅದ ಚಿಗತಗೋತೈತಿ” ಎಂದ. ಹೊಸ ವಿಚಾರವೆಂಬಂತೆ ಹೇಳಿದ. ಬನ ಕಾಯುತ್ತಿದ್ದ ನಮ್ಮ ಹಿರಿಯರು ಮಾಡಿದ್ದೂ ಇದನ್ನೇ. ಈಗ ಅಷ್ಟು ಸಾಲದೆಂಬುದು ಶಾಂತಕ್ಕನ ತಕರಾರು.

ಚೊಳಚಗುಡ್ಡಕ್ಕೆ ಆಟೋದಲ್ಲಿ ಹೋದೆ. ಚಿಗವ್ವ ಸಜ್ಜಿ ರೊಟ್ಟಿ, ಕೆಂಪು ಖಾರ, ಗಟ್ಟಿ ಮೊಸರು ಬಡಿಸಿ ಎದುರಿಗೆ ಕೂತಳು. ವಿಷಯ ಕೇಳಿ ನಕ್ಕಳು.

“ನಮ್ಮಪ್ಪ? ಹಲ್ಲಿ ಲೊಚಗುಟ್ಟಿದ್ರ ಹೊಲಕ್ಕ ಹೋಗತಿದ್ದಿಲ್ಲ ಅಂವಾ. ಬನಕ್ಕ ಕೊಡಲಿ ಒಯ್ತಾನ?”

“ಮತ್ತ ನಾ ಕಂಡಿದ್ದು?”

“ನೀ ಸಣ್ಣಾಂವ ಇದ್ದಾಗ ಹಿತ್ತಲದಾಗ ಹುಲಿನೂ ಕಂಡಿದ್ದಿ. ದೇಸಾಯರ ನಾಯಿ ಇತ್ತದು. ಇನ್ನೊಂದು ರೊಟ್ಟಿ ಹಾಕಲೇನು?”

ಅವಳಿಗೂ ತಾನು ಹೇಳಿದ್ದರಲ್ಲಿ ಪೂರ್ತಿ ನಂಬಿಕೆ ಇದ್ದಂತಿರಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, “ಕುಡಗೋಲು ಒಯ್ದಿದ್ದನೇನೋ ಮತ್ತ, ಯಾಂವ ನೋಡ್ಯಾನ” ಎಂದಳು.

ಭಾನುವಾರ ಗುಳೇದಗುಡ್ಡ, ಅಮೀನಗಡದ ಮೇಲಿಂದ ಇಳಕಲ್ಲು ತಲುಪಿದೆ. ದಾರಿಯುದ್ದಕ್ಕೂ ಗಾಳಿ. ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ, ಪಾಳುಬಿದ್ದ ಗೋಡೆಗಳ ಮೇಲೆ ಅದೇ ಜಾಲಿ. ಎಣಿಸಲು ಶುರುಮಾಡಿ ಅರ್ಧಕ್ಕೇ ಬಿಟ್ಟೆ. ಈರಪ್ಪ ಮಾವ ಮಗ್ಗ ಬಿಟ್ಟು ಬಹಳ ಕಾಲವಾಗಿದೆ. ಆದರೂ ಓಣಿಯ ಮಗ್ಗಗಳ ಸದ್ದಿಗೆ ಅಭ್ಯಾಸವಾಗಿ ಜೋರಾಗಿಯೇ ಮಾತಾಡುತ್ತಾನೆ.

“ಹೌದೌದು, ಒಯ್ದಿದ್ದ. ದ್ಯಾಮವ್ವನ ಗುಡಿ ಕಂಬ ಮುರದಿತ್ತು. ಅದಕ್ಕ ಕಟಗಿ ಬೇಕಾಗಿತ್ತು.”

ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. “ನೀನೂ ಕಂಡೀಯೇನು ಮಾವ?”

“ನಾ ಎಲ್ಲಿ ಕಾಣಲಿ? ಆವಾಗ ಸೊಲ್ಲಾಪುರದಾಗ ದುಡಿಯಾಕ ಹೋಗಿದ್ನಿ. ಅವ್ವ ಹೇಳಿದ್ಲು. ನಿನಗೂ ನಾನ ಹೇಳೇನಲ್ಲೋ ಈ ಕತಿ, ತೊಡಿ ಮ್ಯಾಲ ಕುಂಡ್ರಿಸಿಕೊಂಡು.”

ಅಂದರೆ ನನ್ನ ಕಣ್ಣು ಕಂಡದ್ದು ಇವನ ಬಾಯಿಂದ ಬಂದದ್ದಿರಬಹುದು. ನನ್ನ ಮುಖ ನೋಡಿ ಮಾವ ಬೇಸರಪಟ್ಟ. “ಖರೆ ಆದ್ರೇನು, ಸುಳ್ಳಾದ್ರೇನಲೇ? ನಿಮ್ಮ ಶಾಂತಕ್ಕನ ಕೆಲಸ ಆಕ್ಕೈತಿ. ಹೇಳಿ ಬಿಡು.”

ಸೋಮವಾರ ಹುನಗುಂದದಿಂದ ಟಂಟಂ ಆಟೋ ಹಿಡಿದು ಊರಿಗೆ ಹೋಗುವಾಗಲೂ ಅದೇ ಗುಂಗು. ಒಂದು ವಾಕ್ಯ ಹೇಳಿದರೆ ಬನ ಉಳಿದೀತು. ಶಾಂತಕ್ಕ ಮೊದಲು ಹಿತ್ತಲಿಗೆ ಕರೆದುಕೊಂಡು ಹೋಗಿ ಕಮರದ ಸಸಿಯೊಂದರ ಚೀಲ ಎತ್ತಿ ತೋರಿಸಿದಳು. ತಳ ಒಡೆದು ಬೇರು ಹೊರಬಂದಿತ್ತು.

“ನೋಡು, ಒಳಗ ಬೇರು ಸುತ್ತಗೊಳ್ಳಾಕತ್ತಾವ. ಇನ್ನೊಂದು ಬ್ಯಾಸಗಿ ತಡಿಯಂಗಿಲ್ಲ ಇವು.”

ನನ್ನ ಸಂಶಯವನ್ನು ಅಲ್ಲೇ ಹೇಳಿದೆ. ಅವಳು ಚೀಲವನ್ನು ಮೆಲ್ಲಗೆ ಕೆಳಗಿಟ್ಟಳು. “ಊರಿಗೆಲ್ಲ ಹೇಳೇನಲ್ಲೋ ತಮ್ಮಾ, ನೀ ಬರ್ತಿ ಅಂತ” ಎಂದವಳು ಮುಂದೆ ನಡೆದಳು.

ಕಟ್ಟೆಯ ಮೇಲೆ ಹತ್ತಾರು ಜನ ಸೇರಿದ್ದರು. ಹನಮಂತಜ್ಜ ನೇರವಾಗಿ ಕೇಳಿದ: “ಏನ್ರಿ ಮಾಸ್ತರ, ನಿಮ್ಮಜ್ಜ ಕೊಡಲಿ ಒಯ್ದಿದ್ದು ಕಂಡೀರೇನು?”

“ಕಂಡಂಗ ನೆನಪೈತ್ರಿ. ಕಂಡೇನಿ ಅಂತ ಹೇಳಾಕ ಧೈರ್ಯ ಇಲ್ಲ.”

ಟ್ರ್ಯಾಕ್ಟರಿನ ಬಸಪ್ಪ, “ಪರೀಕ್ಷಾದಾಗ ಹುಡುಗ್ರು ಹಿಂಗ ಬರದ್ರ ಎಷ್ಟ ಮಾರ್ಕ್ಸ್ ಕೊಡ್ತೀರಿ ಸರ?” ಎಂದ. ಜನ ನಕ್ಕರು. ಶಾಂತಕ್ಕ ನನ್ನ ಕಡೆ ನೋಡಲಿಲ್ಲ.

ಹನಮಂತಜ್ಜ ಮಾತ್ರ ನಗಲಿಲ್ಲ. “ಕಂಡೇನಿ ಅಂದಿದ್ರ ನಾ ಎದ್ದು ಹೋಗಾಂವ ಇದ್ನಿ. ಕಟಗಿ ಬೇಕಾದವರಿಗೆಲ್ಲ ಅವರ ಅಜ್ಜನ ಕೊಡಲಿ ನೆನಪಾಗತೈತಿ. ಹಿಂದ ಇದ್ದಲಿ ಸುಡಾವರೂ ಹಿಂಗ ಒಬ್ಬ ಅಜ್ಜನ ಕತಿ ತಂದಿದ್ರು. ನೆನಪು ಅತ್ತ ಇರಲಿ, ಓದಿದ್ದು ಹೇಳ್ರಿ. ಕೊಡಲಿ ಹಾಕಿದ್ರ ಆ ಜಾಲಿ ಸಾಯತೈತೇನು?”

“ಇಲ್ಲ. ಕಡಿದ ಬುಡದಾಗ ನಾಕು ಚಿಗರತಾವ. ಬೇರು ಸಮೇತ ಕಿತ್ತು ಬರಬೇಕು.”

ನೆನಪಿನ ಗುಂಗಿನಲ್ಲಿ ಈ ಮಾತು ನನಗೇ ಹೊಳೆದಿರಲಿಲ್ಲ. ಶಾಂತಕ್ಕ ಥಟ್ಟನೆ ಈ ಕಡೆ ತಿರುಗಿದಳು. ಎರಡು ವರ್ಷದಿಂದ ಅವಳು ಕೊಡಲಿಗಾಗಿಯೇ ಜಗಳಾಡಿದ್ದಳು, ಹನಮಂತಜ್ಜ ಕೊಡಲಿಯನ್ನೇ ತಡೆದಿದ್ದ. “ಅಜ್ಜಾ, ಹಗ್ಗ ಒಳಗ ಹೋಗಬಹುದೇನು?”

ಅಜ್ಜ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದ. “ಹಗ್ಗ ಕಬ್ಬಿಣ ಅಲ್ಲ.”

“ಅದನ್ನ ಜಗ್ಗೂ ನನ್ನ ಟ್ರ್ಯಾಕ್ಟರು?” ಎಂದ ಬಸಪ್ಪ.

“ಅದು ಕಲ್ಲಿನ ಹೊರಗ ನಿಂದರಲಿ. ಹೊರಗಿಂದು ದ್ಯಾಮವ್ವಗ ಸಂಬಂಧಿಲ್ಲ.”

ನಾನು ಸುಮ್ಮನಿರಲಾರದೆ, ಎಳೆದರೂ ಮುಗಿಯುವುದಿಲ್ಲ, ಮಣ್ಣಿನಲ್ಲಿ ಬೀಜಗಳಿವೆ, ಪ್ರತಿ ಮಳೆಗೂ ಎಳೆ ಸಸಿಗಳನ್ನು ಕೀಳುತ್ತಿರಬೇಕು ಎಂದೆ. “ಕೈ ಅದಾವಲ್ಲ” ಎಂದಳು ಶಾಂತಕ್ಕ. ಈ ಸಲ ನನ್ನನ್ನು ನೋಡಿಯೇ ಹೇಳಿದಳು.

ಅಂದು ಸಂಜೆ ಹದವಾದ ಮಳೆಯಾಯಿತು. ಮರುದಿನ ಬೆಳಿಗ್ಗೆ ಅಂಚಿನ ಒಂದು ಜಾಲಿಗೆ ದಪ್ಪ ಹಗ್ಗ ಬಿಗಿದರು. ಹಗ್ಗ ಕಲ್ಲಿನ ಪಕ್ಕದಿಂದ ಹಾದು ಹೊರಗಿನ ಟ್ರ್ಯಾಕ್ಟರಿಗೆ ಸೇರಿತ್ತು. ಹಗ್ಗದ ತುದಿಯಲ್ಲಿದ್ದ ಕಬ್ಬಿಣದ ಕೊಂಡಿಯನ್ನು ಹನಮಂತಜ್ಜ ತಾನೇ ಬಿಚ್ಚಿಸಿ ಹೊರಗಿರಿಸಿದ್ದ. ಎರಡು ಸಲ ಜಗ್ಗಿದಾಗ ಮರ ಅಲುಗಲಿಲ್ಲ. ಮೂರನೆಯ ಸಲ ನೆಲ ಬಾಯಿಬಿಟ್ಟು, ಬೇರು ಹಸಿಮಣ್ಣಿನ ಸಮೇತ ಹೊರಬಂತು. ಶಾಂತಕ್ಕ ಗುಂಡಿ ನೋಡುವ ಮೊದಲೇ ಸಸಿ ತರಲು ಓಡಿದಳು.

ಮಧ್ಯಾಹ್ನ ಬಾಗಲಕೋಟೆಯ ಬಸ್ಸು ಹಿಡಿದೆ. ಅಮೀನಗಡದಲ್ಲಿ ಮನೆಗೆ ಕರದಂಟು ಕೊಂಡೆ. ಬಸ್ಸು ಹೊರಟ ಮೇಲೆ ಕಣ್ಣು ಮುಚ್ಚಿ ಅಜ್ಜನನ್ನು ಇನ್ನೊಮ್ಮೆ ಕರೆಯಲು ನೋಡಿದೆ. ಬಂದ. ಬಿಳಿ ರುಮಾಲು, ತೊಯ್ದ ಮಣ್ಣಿನ ವಾಸನೆ, ಅದೇ ಕಲ್ಲು. ಕಲ್ಲು ದಾಟಿ ನಡೆಯುತ್ತಿದ್ದ ಅವನ ಹೆಗಲ ಮೇಲೆ ಸುತ್ತಿಟ್ಟ ಹಗ್ಗವಿತ್ತು.

ಕಣ್ಣು ತೆರೆದೆ. ಬಾಗಲಕೋಟೆ ಬರುವವರೆಗೆ ಮತ್ತೆ ಮುಚ್ಚಲಿಲ್ಲ.