ಗೋಧಿಯೂರಿನ ಲೈಬ್ರರಿ ಅಮ್ಮ

ಮೊನ್ನೆ ಮೊಮ್ಮಗಳು ಸ್ಕೂಲಿನ ಪುಸ್ತಕವೊಂದನ್ನು ತಂದು, ಅದಕ್ಕೆ ಹೊದಿಕೆ ಹಾಕಿಕೊಡಲು ನನ್ನ ಮುಂದಿಟ್ಟಳು. ಒಂದು ಬದಿಗೆ ಅಂಟಿರುವ ತೆಳು ಪ್ಲಾಸ್ಟಿಕ್ಕು, ಹಿಂದಿನ ಹಾಳೆ ಸುಲಿದು ಅಂಟಿಸಬೇಕು. ಸುಲಿದದ್ದೇ ತಡ, ಅದರ ವಾಸನೆ ಮೂಗಿಗೆ ಬಡಿಯಿತು. ಕೈ ಅಲ್ಲೇ ನಿಂತಿತು. "ವೈ ಡಿಡ್ ಯೂ ಸ್ಟಾಪ್, ತಾತಾ?" ಅಂದಳು ಮಗು. ಏನೂ ಇಲ್ಲ ಅಂದೆ. ಹಾಗೆ ಏನೂ ಇಲ್ಲ ಅನ್ನುತ್ತಾ ಬಂದು ಐದು ವರ್ಷವಾಯಿತು...

ಬ್ರಿಸ್ಬೇನಿನ ಈ ಫಾರೆಸ್ಟ್ ಲೇಕ್ ಮನೆಗೆ ಬರುವ ಮೊದಲು ನಾವಿದ್ದದ್ದು ಅಡಿಲೇಡಿನಿಂದ ಎರಡು ಗಂಟೆ ದೂರದ ಒಂದು ಪುಟ್ಟ ಊರಿನಲ್ಲಿ. ಮಗ ಡಾಕ್ಟರು. ಹೊರದೇಶದಲ್ಲಿ ಓದಿ ಬಂದ ಡಾಕ್ಟರುಗಳು ಇಲ್ಲಿ ಮೊದಲು ಕೆಲವು ವರ್ಷ ಹಳ್ಳಿ ಕಡೆ ಕೆಲಸ ಮಾಡಬೇಕು. ಮಗು ನೋಡಿಕೊಳ್ಳಲು ನಾನೂ ನನ್ನ ಹೆಂಡತಿಯೂ ಮೈಸೂರಿನಿಂದ ಬಂದೆವು. ಊರಿಗೆ ಒಂದು ಪಬ್ಬು, ಒಂದು ಬೇಕರಿ, ಒಂದು ಪೆಟ್ರೋಲ್ ಬಂಕು (ಅದಕ್ಕೆ ಅವರು ಸರ್ವೊ ಅನ್ನುತ್ತಾರೆ), ರೈಲು ಹಳಿಯ ಪಕ್ಕ ಮೂರು ದೊಡ್ಡ ಕಣಜ. ಸುತ್ತ ಕಣ್ಣು ಹಾಯುವವರೆಗೆ ಗೋಧಿ.

ಜನ ವರ್ಷ ವರ್ಷ ಕಡಿಮೆಯಾಗುತ್ತಿದ್ದ ಊರು ಅದು. ರೈತರ ಮಕ್ಕಳು ಪರ್ತ್ ಕಡೆ ಗಣಿಗಳಿಗೆ ಹೋಗುತ್ತಿದ್ದರು, ಇಲ್ಲ ಅಡಿಲೇಡಿಗೆ. ಹೊಸದಾಗಿ ಬರುತ್ತಿದ್ದವರು ನಮ್ಮಂಥವರು: ಹಂದಿ ಫಾರಮ್ಮಿಗೆ ಫಿಲಿಪ್ಪೀನ್ಸಿನ ಎರಡು ಸಂಸಾರ, ಸರ್ವೊ ನಡೆಸುವ ಪಂಜಾಬಿ ಅಣ್ಣತಮ್ಮಂದಿರು, ಮಾಂಸದ ಕಾರ್ಖಾನೆಗೆ ಆಫ್ಘಾನಿಸ್ತಾನದ ಒಂದು ಮನೆ. ಯಾವ ಮನೆಯಲ್ಲಿ ಎಷ್ಟು ಜನ, ಯಾರು ಹೆತ್ತರು, ಯಾರು ಊರು ಬಿಟ್ಟರು ಎಂಬ ಲೆಕ್ಕ ಆ ಊರಿನಲ್ಲಿ ಒಬ್ಬರಿಗೆ ಬಾಯಿಪಾಠವಾಗಿತ್ತು. ಲೈಬ್ರರಿ ನೋಡಿಕೊಳ್ಳುತ್ತಿದ್ದ ಹೆಂಗಸು. ಅರವತ್ತು ದಾಟಿದ್ದರು. ಬಿಸಿಲಿಗೆ ಕೆಂಪಾದ ಮುಖ, ಕತ್ತಿನಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ, ಕಾಲಿಗೆ ಗಂಡಸರ ಬೂಟು. ನನ್ನ ಹೆಂಡತಿ ಅವರಿಗೆ ಲೈಬ್ರರಿ ಅಮ್ಮ ಅಂತ ಹೆಸರಿಟ್ಟಳು. ನಮ್ಮ ಮನೆಯಲ್ಲಿ ಅದೇ ಉಳಿಯಿತು.

ನನ್ನ ಹೆಂಡತಿಗೆ ಓದುವ ಹುಚ್ಚು. ಬರುತ್ತಿದ್ದದ್ದು ಕನ್ನಡ ಒಂದೇ. ಮೈಸೂರಿನಿಂದ ತಂದ ನಾಲ್ಕು ಕಾದಂಬರಿ ಮೂರು ಮೂರು ಸಲ ಮುಗಿದವು. ಫೋನಿನಲ್ಲಿ ಓದಿದರೆ ಕಣ್ಣು ಉರಿ. ಕೊನೆಗೆ ಮಗುವಿನ ಗಾಡಿ ತಳ್ಳಿಕೊಂಡು ಲೈಬ್ರರಿಗೆ ಹೋಗಿ, ತೋಟಗಾರಿಕೆಯ ಪತ್ರಿಕೆಗಳಲ್ಲಿ ಚಿತ್ರ ನೋಡುತ್ತಾ ಕೂರತೊಡಗಿದಳು. ಲೈಬ್ರರಿ ಅಮ್ಮ ಅವಳಿಗೆ ಟೀ ಬಿಸ್ಕತ್ತು ತಂದಿಡುತ್ತಿದ್ದರು. "ಹಿಯರ್ ಯೂ ಗೋ, ಲವ್" ಅನ್ನುತ್ತಿದ್ದರು.

"ನೋಡ್ರೀ, ನನ್ನ ಲವ್ ಅಂತಾರೆ, ಬಿಸ್ಕತ್ತೂ ಕೊಡ್ತಾರೆ. ನಲವತ್ತು ವರ್ಷದಲ್ಲಿ ನೀವು ಎರಡರಲ್ಲಿ ಒಂದೂ ಮಾಡ್ಲಿಲ್ಲ" ಅಂತ ಇವಳು ನನ್ನನ್ನು ಚುಚ್ಚುತ್ತಿದ್ದಳು.

ಒಂದು ದಿನ ಲೈಬ್ರರಿ ಅಮ್ಮ ನನ್ನನ್ನು ತಡೆದು, ಈಕೆ ಓದುವ ಭಾಷೆ ಯಾವುದು ಅಂತ ಕೇಳಿದರು. ಕನ್ನಡ ಅಂದೆ. ಮೂರು ಸಲ ಹೇಳಿಸಿದರು. ಆಮೇಲೆ ಇವಳ ಕೈಗೆ ದಪ್ಪ ಪೆನ್ನು ಕೊಟ್ಟು ರಟ್ಟಿನ ಮೇಲೆ ಬರೆಸಿ, ಬಾಗಿಲಿಗೆ ಅಂಟಿಸಿದರು. ಊರಿನಲ್ಲಿ ಆಡುವ ಭಾಷೆಗಳ ಹೆಸರೆಲ್ಲ ಅಲ್ಲಿ ಅವರವರ ಅಕ್ಷರದಲ್ಲೇ ಇದ್ದವು. ನಮ್ಮದು ಆರನೆಯದು. ಇವಳು ಅದರ ಫೋಟೋ ತೆಗೆದು ಮೈಸೂರಿನ ನೆಂಟರಿಗೆಲ್ಲ ಕಳಿಸಿದಳು.

ಆ ಚಳಿಗಾಲ ಜನಗಣತಿ ಬಂತು. "ಮೇಟ್, ಮನೆಯಲ್ಲಿ ಯಾವ ಭಾಷೆ ಆಡ್ತೀರಿ ಅಂತ ಕೇಳ್ತಾರೆ. ಮರೀದೆ ಬರೀರಿ. ನಗರದಿಂದ ಬೇರೆ ಭಾಷೆಯ ಪುಸ್ತಕ ಕಳಿಸೋರು ಅದನ್ನೇ ನೋಡ್ತಾರೆ. ನನ್ನ ಲೈಬ್ರರಿ ಮೂರು ದಿನ ತೆಗೀಬೇಕೋ ಒಂದು ದಿನವೋ ಅನ್ನೋದಕ್ಕೂ ಅದನ್ನೇ ನೋಡ್ತಾರೆ" ಅಂತ ಲೈಬ್ರರಿ ಅಮ್ಮ ಮನೆ ಬಾಗಿಲಿಗೇ ಬಂದು ಹೇಳಿ ಹೋದರು.

ಫಾರಂ ಬಂದ ದಿನ ಮಗ ಸೊಸೆ ಇಬ್ಬರೂ ಆಸ್ಪತ್ರೆ ಡ್ಯೂಟಿಯಲ್ಲಿ. ನಾನೇ ತುಂಬುತ್ತೇನೆ ಅಂದೆ. ಆ ಊರಿನವರಿಗೆಲ್ಲ ನಾನು ರಿಟೈರ್ಡ್ ಇಂಜಿನಿಯರ್ ಅಂತ ಹೇಳಿಕೊಂಡಿದ್ದೆ. ಓದಿದ್ದು ಹೈಸ್ಕೂಲು, ಮಾಡಿದ್ದು ಕರೆಂಟ್ ಆಫೀಸಿನಲ್ಲಿ ಮೀಟರ್ ಓದುವ ಕೆಲಸ. ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡುತ್ತೀರಾ ಎಂಬ ಪ್ರಶ್ನೆ ಬಂತು. ಪೆನ್ನು 'ಹೌದು' ಕಡೆ ಹೋಗಿತ್ತು. ಆದರೆ ಕೆಳಗೆ ಇನ್ನೊಂದು ಪ್ರಶ್ನೆ: ಇವರಿಗೆ ಇಂಗ್ಲಿಷ್ ಎಷ್ಟು ಬರುತ್ತದೆ? ತುಂಬ ಚೆನ್ನಾಗಿ, ಚೆನ್ನಾಗಿ, ಅಷ್ಟಕ್ಕಷ್ಟೆ, ಬರುವುದೇ ಇಲ್ಲ. ಡಾಕ್ಟರ ತಾಯಿಯ ಹೆಸರಿನ ಮುಂದೆ 'ಬರುವುದೇ ಇಲ್ಲ' ಅಂತ ಬರೆಯುವುದೇ? ನನ್ನ ಹೆಸರಿನ ಮುಂದೆ 'ಅಷ್ಟಕ್ಕಷ್ಟೆ' ಅಂತಲೇ? ಐದೂ ಜನಕ್ಕೆ 'ಇಂಗ್ಲಿಷ್ ಮಾತ್ರ' ಅಂತ ಗುರುತು ಹಾಕಿದೆ. ಆಗ ಆ ಎರಡನೆಯ ಪ್ರಶ್ನೆಯೇ ಬಾರದು. ಲಕೋಟೆ ಅಂಟಿಸಿ ಅಂಚೆಗೆ ಹಾಕಿ ಬಂದೆ. ಇವಳು "ಬರೆದ್ರಾ?" ಅಂದಳು. "ಹೂಂ, ಬರೆದೆ" ಅಂದೆ.

ಮುಂದಿನ ವರ್ಷ ಅಂಕಿಗಳು ಹೊರಬಿದ್ದವು. ಊರಿನ ಪಟ್ಟಿಯಲ್ಲಿ ಫಿಲಿಪ್ಪೀನ್ಸಿನವರ ಟಗಾಲೊಗ್ ಇತ್ತು, ಪಂಜಾಬಿ ಇತ್ತು, ಆಫ್ಘನ್ನರ ದರಿ ಇತ್ತು, ಇಂಗ್ಲಿಷೂ ಹಳಬರ ಜರ್ಮನ್ನೂ ಸೇರಿ ಐದು. ಕನ್ನಡ ಇರಲಿಲ್ಲ. ಲೈಬ್ರರಿ ಅಮ್ಮ ನಂಬಲೇ ಇಲ್ಲ. ನಿಮ್ಮ ಲೆಕ್ಕ ತಪ್ಪಾಗಿದೆ, ಆ ಜನರನ್ನು ನಾನು ದಿನಾ ನೋಡುತ್ತೇನೆ ಅಂತ ನಗರಕ್ಕೆ ಪತ್ರದ ಮೇಲೆ ಪತ್ರ ಬರೆದರು. ಅಷ್ಟರಲ್ಲಿ ಲೈಬ್ರರಿಯ ದಿನ ಕಡಿಮೆ ಮಾಡುವ ವಿಷಯ ಕೌನ್ಸಿಲ್ ಸಭೆಗೆ ಬಂತು. ಒಂದು ಮಧ್ಯಾಹ್ನ ಟೌನ್ ಹಾಲಿನಲ್ಲಿ ಸಭೆ. ಹಿಂದಿನ ಸಾಲಿನಲ್ಲಿ ನಾನೂ ಇವಳೂ ಕೂತಿದ್ದೆವು.

ಲೈಬ್ರರಿ ಅಮ್ಮ ಎದ್ದು ನಿಂತು, ಈ ಊರಿನಲ್ಲಿ ಆರು ಭಾಷೆಯ ಜನ ಬರುವ ಜಾಗ ಇರುವುದು ಇದೊಂದೇ ಅಂದರು. ಒಬ್ಬ ಕೌನ್ಸಿಲರ್ ಕಾಗದ ತಿರುವಿ ನಕ್ಕ. "ಆರಲ್ಲ. ಈ ಪಟ್ಟಿಯಲ್ಲಿ ಐದೇ ಇದೆ. ದಿನ ಉಳಿಸ್ಕೊಳ್ಳೋಕೆ ಹೊಸ ಭಾಷೆ ಹುಟ್ಟಿಸ್ತಿದೀರಾ?"

ಹಾಲೆಲ್ಲ ನಕ್ಕಿತು. ಲೈಬ್ರರಿ ಅಮ್ಮ ನನ್ನ ಕಡೆ ತಿರುಗಿದರು. "ಅವರನ್ನೇ ಕೇಳಿ. ಡಾಕ್ಟರ ತಂದೆ ಇಲ್ಲೇ ಇದ್ದಾರೆ."

ಎದ್ದು ನಿಂತೆ. ಪಕ್ಕದಿಂದ ಇವಳು ನನ್ನ ಸ್ವೆಟರ್ ಜಗ್ಗುತ್ತಾ, "ಏನಂತ್ರೀ? ಯಾಕೆ ನಗ್ತಾರೆ? ಸ್ವಲ್ಪ ಜೋರಾಗಿ ಹೇಳಿ!" ಅಂದಳು. ಅವಳು ಮೆಲ್ಲಗೆ ಮಾತಾಡಿದ್ದೇ ಇಲ್ಲ, ಇಡೀ ಹಾಲಿಗೆ ಕೇಳಿಸಿತು. "ಅದೇ ಆ ಭಾಷೆ! ಕೇಳಿಸ್ತಾ?" ಅಂತ ಲೈಬ್ರರಿ ಅಮ್ಮ ಕೂಗಿದರು. ಮತ್ತೆ ನಗು.

ಕೌನ್ಸಿಲರ್ ನಗು ನಿಲ್ಲಿಸಿ, "ಸರಿ, ಹಾಗಾದ್ರೆ ಫಾರಮ್ಮಿನಲ್ಲಿ ಯಾಕೆ ಬರೀಲಿಲ್ಲ? ನಿಮ್ಮನೇದು ತುಂಬಿದ್ದು ಯಾರು?" ಅಂದ.

"ನನ್ನ ಮಗ, ಸರ್" ಅಂದೆ.

ನಾನು ಹೇಳಬೇಕಾಗಿದ್ದದ್ದು ಬೇರೆ ಒಂದೇ ಮಾತು. ನಾನೇ ತುಂಬಿದೆ, ನಾಚಿಕೆಯಿಂದ ಸುಳ್ಳು ಬರೆದೆ ಅಂದಿದ್ದರೆ ಮುಗಿಯುತ್ತಿತ್ತು. ಆ ಹೆಂಗಸು ಹೇಳಿದ್ದು ನಿಜ ಅಂತಾಗುತ್ತಿತ್ತು. ಅದರ ಬದಲು, ಎರಡೆರಡು ಪಾಳಿ ದುಡಿಯುತ್ತಿದ್ದ ಮಗನ ತಲೆಗೆ ಕಟ್ಟಿದೆ. "ಡಾಕ್ಟರು ಬಿಝಿ ಇರ್ತಾರೆ, ಮರೆತಿರ್ಬೇಕು" ಅಂದ ಯಾರೋ. ಕೌನ್ಸಿಲರ್ ಹೆಗಲು ಕುಣಿಸಿ, ನಾವು ಕಾಗದ ನೋಡಿಯೇ ನಡೆಯಬೇಕು ಅಂದ. ಲೈಬ್ರರಿ ವಾರಕ್ಕೆ ಒಂದು ದಿನವಾಯಿತು.

ವಿಷಯ ಆಸ್ಪತ್ರೆಗೂ ಮುಟ್ಟಿತು. ಮಗ ಮನೆಗೆ ಬಂದು, "ಅಪ್ಪಾ, ಫಾರಂ ನಾನು ತುಂಬಿದ್ನಾ?" ಅಂದ. ನಾನು ಮಗುವಿಗೆ ಅನ್ನ ಕಲಸುತ್ತಲೇ ಇದ್ದೆ. ಅವನು ಒಳಗೆ ಹೋದ. ಮರುದಿನ ಲೈಬ್ರರಿ ಅಮ್ಮನಿಗೆ ಅವನೇ ಹೋಗಿ ಸಾರಿ ಕೇಳಿ ಬಂದನೆಂದು ಆಮೇಲೆ ತಿಳಿಯಿತು...

ಇನ್ನು ಮುಂದಿನದನ್ನು ನಾನು ಹೆಮ್ಮೆಯಿಂದ ಹೇಳುತ್ತೇನೆ. ಹೆಮ್ಮೆ ನನ್ನ ಮೇಲಲ್ಲ. ಆ ಹೆಂಗಸು ಉಳಿದ ಎರಡು ದಿನವೂ ಸಂಬಳವಿಲ್ಲದೆ ಬಂದು ಬಾಗಿಲು ತೆರೆದರು. ಪುಸ್ತಕ ಕಳಿಸುವವರು ಕಳಿಸಲಿಲ್ಲವಲ್ಲ, ತಾವೇ ಹಳೆಯ ಯೂಟ್ (ಹಿಂದೆ ಸಾಮಾನು ತುಂಬುವ ಪುಟ್ಟ ಟ್ರಕ್ಕು) ಓಡಿಸಿಕೊಂಡು ಅಡಿಲೇಡಿಗೆ ಹೋದರು. ಅಲ್ಲಿನ ಕನ್ನಡದವರನ್ನು ಹುಡುಕಿ, ಅವರವರ ಗ್ಯಾರೇಜುಗಳಲ್ಲಿ ಧೂಳು ತಿನ್ನುತ್ತಿದ್ದ ಕಾದಂಬರಿ, ವಾರಪತ್ರಿಕೆ, ಅಡುಗೆ ಪುಸ್ತಕ ಎಲ್ಲ ಬೇಡಿ ತಂದರು. ಒಂದು ಮನೆಯಲ್ಲಿ ಇಡ್ಲಿ ತಿನ್ನಿಸಿ ಕಳಿಸಿದರಂತೆ. "ಯಾವ ಪುಸ್ತಕ ಅಂತ ಕೇಳಿದ್ರು. ನನಗೇನು ಗೊತ್ತು? ದುಂಡಗಿರೋ ಅಕ್ಷರ ಎಲ್ಲಾ ಕೊಡಿ ಅಂದೆ" ಅಂದರು. ಆ ರಾಶಿಯಲ್ಲಿ ಮೂರು ತೆಲುಗು ಪುಸ್ತಕವೂ ಇದ್ದವು.

ಆಮೇಲೆ ಮೂರು ವಾರ ಅವರೂ ಇವಳೂ ಎದುರುಬದುರು ಕೂತು ಪ್ರತಿ ಪುಸ್ತಕಕ್ಕೂ ಪ್ಲಾಸ್ಟಿಕ್ ಹೊದಿಸಿದರು. ಇವಳು ಕತ್ತರಿಸುವುದು, ಅವರು ಅಂಟಿಸುವುದು. ಇವಳು ಕನ್ನಡದಲ್ಲಿ ಹರಟುವುದು, ಅವರು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು. ಇಬ್ಬರಿಗೂ ಯಾವ ತೊಂದರೆಯೂ ಆಗಲಿಲ್ಲ. ಟ್ರ್ಯಾಕ್ಟರ್ ರಿಪೇರಿ ಪುಸ್ತಕಗಳ ಪಕ್ಕದ ಗೂಡು ನಮಗೆ ಸಿಕ್ಕಿತು. ಇಷ್ಟು ದೊಡ್ಡ ಗೋಧಿ ಬಯಲಿನ ನಡುವೆ ಒಂದು ಗೂಡು ಕನ್ನಡ! ಮೈಸೂರಿನಲ್ಲಿ ನಮ್ಮ ಬೀದಿಯಲ್ಲೂ ಇರಲಿಲ್ಲ. ಇವಳು ದಿನಾ ಸೀರೆ ಉಟ್ಟು ಹೋಗತೊಡಗಿದಳು, ಆಫೀಸಿಗೆ ಹೋಗುವವಳ ಹಾಗೆ.

ನಾನು ಹೇಳಬೇಕೆಂದು ಎಷ್ಟೋ ಸಲ ಬಾಗಿಲವರೆಗೆ ಹೋದೆ. ಲೈಬ್ರರಿ ಅಮ್ಮ "ಆರ್ವೊ, ಮೇಟ್!" ಅಂತ ಮಧ್ಯಾಹ್ನದ ನಮಸ್ಕಾರ ಹೇಳುತ್ತಿದ್ದರು. ನಾನೂ ಆರ್ವೊ ಅಂದು ವಾಪಸು ಬರುತ್ತಿದ್ದೆ. ಮಗನಿಗೆ ಬ್ರಿಸ್ಬೇನಿನಲ್ಲಿ ಕೆಲಸವಾಗಿ ಊರು ಬಿಟ್ಟ ದಿನವೂ ಹೇಳಲಿಲ್ಲ. ಹೋದ ವರ್ಷ ಇವಳು ತೀರಿಕೊಂಡಳು. ಅವಳಿಗೂ ಹೇಳಲಿಲ್ಲ.

ಮೊನ್ನೆ ಮೊಮ್ಮಗಳ ಪುಸ್ತಕಕ್ಕೆ ಹೊದಿಕೆ ಹಾಕಿ ಮುಗಿಸಿ, ಮೊದಲು ಮಗನಿಗೆ ಹೇಳಿದೆ. "ಗೊತ್ತಿತ್ತಪ್ಪಾ" ಅಂದ, ಅಷ್ಟೇ. ಆಮೇಲೆ ಅವನ ಎದುರಿನಲ್ಲೇ ಆ ಊರಿನ ಲೈಬ್ರರಿಗೆ ಫೋನ್ ಮಾಡಿದೆ. ಎತ್ತಿದ್ದು ಚಿಕ್ಕ ವಯಸ್ಸಿನ ಹೆಂಗಸಿನ ದನಿ. ನಾನು ಕೇಳಿದವರು ಈ ಬೇಸಿಗೆಯಲ್ಲಿ ಹೋಗಿಬಿಟ್ಟರಂತೆ. ಕೊನೆಯ ವಾರದವರೆಗೂ ಬಂದು ಬಾಗಿಲು ತೆಗೆಯುತ್ತಿದ್ದರಂತೆ... ಆದರೂ ಹೇಳಿದೆ. ಆ ಫಾರಂ ತುಂಬಿದ್ದು ನಾನು, ಅವರ ಲೆಕ್ಕ ಸರಿಯಾಗಿತ್ತು, ದಯವಿಟ್ಟು ಎಲ್ಲರಿಗೂ ಹೇಳಿ ಅಂದೆ. ಯಾವ ಫಾರಂ ಅಂತ ಆಕೆಗೆ ತಿಳಿಯಲಿಲ್ಲ. ಪಾಪ, "ನೋ ವರೀಸ್" ಅಂದಳು.

"ನೀವು ಫೋನ್ ಮಾಡಿದ್ದು ಒಳ್ಳೇದಾಯ್ತು" ಅಂತ ಆಕೆಯೇ ಮುಂದುವರಿಸಿದಳು. "ಟ್ರ್ಯಾಕ್ಟರ್ ಪುಸ್ತಕದ ಪಕ್ಕ ಒಂದು ಗೂಡಿದೆ, ನಮಗ್ಯಾರಿಗೂ ಓದೋಕೆ ಬರಲ್ಲ. ತೆಗೆದುಬಿಡೋಣ ಅಂತಿದ್ವಿ. ಮೆಂಬರುಗಳಲ್ಲಿ ಅದನ್ನ ಓದೋರು ಯಾರಾದ್ರೂ ಇದ್ರೆ ಇಡಬಹುದು."

"ಇದ್ದಾರೆ" ಅಂದೆ. "ನನ್ನ ಹೆಸರು ನಿಮ್ಮ ಮೆಂಬರುಗಳ ಪಟ್ಟಿಯಲ್ಲಿದೆ, ಗೂಡು ತೆಗೀಬೇಡಿ. ಭಾಷೆ ಕನ್ನಡ ಅಂತ ಬರೆದುಕೊಳ್ಳಿ. ಇಂಗ್ಲಿಷ್ ನನಗೆ ಅಷ್ಟಕ್ಕಷ್ಟೆ."

ಅತ್ತ ಕಂಪ್ಯೂಟರಿನ ಕೀಲಿ ಒತ್ತುವ ಸದ್ದು ಕೇಳಿಸಿತು.

"ಎಷ್ಟು ಜನ?" ಅಂದಳು.

"ಇಬ್ಬರಿದ್ದೆವು" ಅಂದೆ. "ಈಗ ಒಬ್ಬನೇ."